ಸ್ಟಿಚ್ ಬಿದ್ದ ಬಾಣಂತಿಗೆ ಸಿಟ್ಜ್ ಬಾತ್ ಟಬ್: ಕೊಳ್ಳುವ ಮೊದಲು ನೋಡಬೇಕಾದದ್ದು

ನಾರ್ಮಲ್ ಹೆರಿಗೆಯಲ್ಲಿ ಸ್ಟಿಚ್ ಬಿದ್ದವರನ್ನು ಮನೆಗೆ ಕಳಿಸುವಾಗ ‘ದಿನಕ್ಕೆ ಎರಡು ಮೂರು ಸಲ ಸಿಟ್ಜ್ ಬಾತ್ ತೆಗೆದುಕೊಳ್ಳಿ’ ಎಂದು ನರ್ಸ್ ಹೇಳುವುದು ಸಾಮಾನ್ಯ. ಸೊಂಟದ ಕೆಳಭಾಗ ಮಾತ್ರ ಮುಳುಗುವಂತೆ ಉಗುರುಬೆಚ್ಚನೆಯ ನೀರಿನಲ್ಲಿ ಕೂರುವುದು, ಅಷ್ಟೇ. ಅದಕ್ಕೆಂದೇ ಕಮೋಡಿನ ಮೇಲೆ ಇಡುವ ಪ್ಲಾಸ್ಟಿಕ್ ಟಬ್ ಬರುತ್ತದೆ. ಮಂಗಳೂರಿನ ಹಂಪನಕಟ್ಟೆ, ಕಂಕನಾಡಿ ಕಡೆಯ ಸರ್ಜಿಕಲ್ ಅಂಗಡಿಗಳಲ್ಲಿ, ಉಡುಪಿ-ಮಣಿಪಾಲದಲ್ಲಿ ಆಸ್ಪತ್ರೆಗಳ ಆಸುಪಾಸಿನ ಮೆಡಿಕಲ್‌ಗಳಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಧಾರಾಳ. ಅದರ ಜೊತೆಗೆ ಹಿಂಡುವ ಬಾಟಲಿ, ಐಸ್ ಜೆಲ್ ಪ್ಯಾಕ್, ನಡುವೆ ತೂತಿರುವ ಗಾಳಿ ದಿಂಬು ಸೇರಿಸಿ ಕಿಟ್ ಮಾಡಿ ಮಾರುವವರೂ ಇದ್ದಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಟಬ್ ಮತ್ತು ಬಾಟಲಿ ಕೊಳ್ಳಿ, ಜೆಲ್ ಪ್ಯಾಕ್ ಇಲ್ಲದಿದ್ದರೂ ನಡೆಯುತ್ತದೆ, ಗಾಳಿ ದಿಂಬಿಗೆ ದುಡ್ಡು ಹಾಕಬೇಡಿ.

ಟಬ್ಬಿನಲ್ಲಿ ಎರಡು ಬಗೆ. ಒಂದು ಗಟ್ಟಿ ಪ್ಲಾಸ್ಟಿಕ್ಕಿನದು, ಇನ್ನೊಂದು ಮಡಚುವಂಥದ್ದು. ನಮಗೆ ಗಟ್ಟಿಯದೇ ಸರಿ ಎನಿಸುತ್ತದೆ. ಮಡಚುವ ಟಬ್ಬಿನ ನೆರಿಗೆಗಳಲ್ಲಿ ನೀರು ಉಳಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಿನ ಗಾಳಿಯಲ್ಲಿ ಅದು ಒಣಗುವುದೇ ಇಲ್ಲ, ಸಂದುಗಳಲ್ಲಿ ಬೂಷ್ಟು ಹಿಡಿಯುತ್ತದೆ. ಗಾಯ ಮುಳುಗಿಸುವ ಪಾತ್ರೆಗೆ ಇದು ಸಣ್ಣ ದೋಷವಲ್ಲ. ಅಂಗಡಿಯಲ್ಲೇ ಟಬ್ಬನ್ನು ತಿರುಗಿಸಿ ಹಿಂಬದಿ ನೋಡಿ. ಅಂಚಿನ ಸ್ವಲ್ಪ ಕೆಳಗೆ ಸಣ್ಣ ಕಿಂಡಿಗಳಿರಬೇಕು. ಕೂತಾಗ ನೀರು ಮೇಲೇರುತ್ತದೆ, ಹೆಚ್ಚಾದದ್ದು ಆ ಕಿಂಡಿಗಳ ಮೂಲಕ ಕಮೋಡಿನೊಳಗೆ ಇಳಿಯುತ್ತದೆ. ಕಿಂಡಿ ಇಲ್ಲದ ಟಬ್ಬಿನಲ್ಲಿ ಕೂತರೆ ನೀರು ನೆಲಕ್ಕೆ ಚೆಲ್ಲುತ್ತದೆ, ಒದ್ದೆ ಟೈಲ್ಸಿನ ಮೇಲೆ ಬಾಣಂತಿ ಜಾರುವ ಅಪಾಯ. ಕಿಂಡಿಯ ಸುತ್ತ, ಅಂಚಿನ ಸುತ್ತ ಬೆರಳಾಡಿಸಿ. ಅಚ್ಚಿನಿಂದ ತೆಗೆದಾಗ ಉಳಿದ ಪ್ಲಾಸ್ಟಿಕ್ಕಿನ ಚೂಪು ಸಿಬಿರು ಬೆರಳಿಗೆ ತಾಗಿದರೆ ಬೇರೆ ಟಬ್ ಕೇಳಿ. ಬೆರಳಿಗೆ ಚುಚ್ಚಿದ್ದು ಊದಿಕೊಂಡ ಚರ್ಮವನ್ನು ಗೀರದೆ ಬಿಡುವುದಿಲ್ಲ. ಜೊತೆಗೆ ಬರುವ ನೀರಿನ ಚೀಲ, ಪೈಪು ಬೇಕಾಗಿಯೇ ಇಲ್ಲ. ಪೈಪಿನ ಒಳಗನ್ನು ತೊಳೆದು ಒಣಗಿಸುವುದು ಕಷ್ಟ. ಬರಿಯ ಟಬ್ ಸಿಕ್ಕರೆ ಅದನ್ನೇ ತನ್ನಿ.

ಕೊಳ್ಳುವ ಮೊದಲು ಮನೆಯ ಕಮೋಡಿನ ಬಾಯಿ ಅಳೆದುಕೊಂಡು ಹೋಗಿ. ಟಬ್ ಕೂರಬೇಕಾದ್ದು ಸೀಟನ್ನು ಮೇಲೆತ್ತಿ, ಪಿಂಗಾಣಿಯ ಅಂಚಿನ ಮೇಲೆ. ಸೀಟಿನ ಮೇಲಿಟ್ಟರೆ ಅಲುಗಾಡುತ್ತದೆ. ಬಾಣಂತಿ ಕೂರುವ ಮೊದಲು ಬೇರೆಯವರು ಎರಡೂ ಕೈಯಿಂದ ಒತ್ತಿ ನೋಡಲಿ. ತವರುಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಈ ಟಬ್ ಉಪಯೋಗಕ್ಕೆ ಬಾರದು. ನೆಲದ ಮೇಲೆ ಬೋಗುಣಿ ಇಟ್ಟು ಕುಕ್ಕರಗಾಲಲ್ಲಿ ಕೂರಿಸುವುದೂ ಬೇಡ, ಸ್ಟಿಚ್ ಎಳೆಯುತ್ತದೆ, ಏಳುವಾಗ ಇನ್ನೂ ಹೆಚ್ಚು. ಆಸ್ಪತ್ರೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿಯ ಕೆಳಗಿನ ಪಾತ್ರೆ ತೆಗೆದು ಅಲ್ಲಿ ಟಬ್ ಕೂರುತ್ತದೆಯೇ ನೋಡಿ. ಆಗದಿದ್ದರೆ ಹಿಂಡುವ ಬಾಟಲಿಯಿಂದ ನೀರು ಹರಿಸಿದರೆ ಸಾಕು, ಗಾಯ ಅದರಿಂದಲೂ ಮಾಗುತ್ತದೆ.

ಇನ್ನು ನೀರು. ತಪ್ಪುಗಳೆಲ್ಲ ಆಗುವುದು ಇಲ್ಲೇ. ಬೇಕಾದದ್ದು 37ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದರೆ ಮೈ ಬಿಸಿಗಿಂತ ತುಸು ಹೆಚ್ಚು. ‘ತಡೆಯುವಷ್ಟು ಬಿಸಿ’ ಅಲ್ಲ. ನಮ್ಮಲ್ಲಿ ನಲ್ಲಿ ನೀರು ಸುಮಾರು 28 ಡಿಗ್ರಿ ಇರುತ್ತದೆ ಎಂದಿಟ್ಟುಕೊಳ್ಳಿ. ಅಂಥ 1.7 ಲೀಟರ್ ತಣ್ಣೀರಿಗೆ 300 ಮಿಲಿಲೀಟರ್ ಕುದಿಯುವ ನೀರು ಬೆರೆಸಿದರೆ ಎರಡು ಲೀಟರ್ ನೀರು 39 ಡಿಗ್ರಿಯ ಹತ್ತಿರ ಬರುತ್ತದೆ. 200 ಮಿಲಿಯ ಸ್ಟೀಲ್ ಲೋಟದಲ್ಲಿ ಒಂದೂವರೆ ಲೋಟ ಕುದಿನೀರು, ಎಂಟೂವರೆ ಲೋಟ ತಣ್ಣೀರು. ತಣ್ಣೀರು ಮೊದಲು, ಕುದಿನೀರು ಆಮೇಲೆ, ಕೈಯಾಡಿಸಿ ಬೆರೆಸಿ, ಮೊಣಕೈ ಅದ್ದಿ ನೋಡಿ. ಅಂಗೈ ಒಲೆಯ ಬಿಸಿಗೆ ಒಗ್ಗಿಹೋಗಿರುತ್ತದೆ, ಅದನ್ನು ನಂಬಬೇಡಿ. ಬಾಣಂತಿ ಕೂತಿರುವಾಗ ‘ತಣ್ಣಗಾಯಿತು’ ಎಂದು ಮೇಲಿಂದ ಬಿಸಿನೀರು ಹೊಯ್ಯುವುದು ಖಂಡಿತ ಬೇಡ. ಟಬ್ ಅರ್ಧದಿಂದ ಮುಕ್ಕಾಲು ತುಂಬಿದರೆ ಸಾಕು.

ಕೂರುವ ಹೊತ್ತು ಹತ್ತರಿಂದ ಹದಿನೈದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಅದರಲ್ಲೊಂದು ಮಲವಿಸರ್ಜನೆಯಾದ ಮೇಲೆ ಇರಲಿ. ಅರ್ಧ ಗಂಟೆ ಕೂತರೆ ಚರ್ಮ ನೆನೆದು ಬೆಳ್ಳಗಾಗಿ ಮೆತ್ತಗಾಗುತ್ತದೆ, ಹೊಲಿಗೆಯ ಅಂಚು ಕೂಡಿಕೊಳ್ಳಲು ಅದು ಒಳ್ಳೆಯದಲ್ಲ. ನೀರಿಗೆ ಡೆಟಾಲ್, ಸ್ಯಾವ್ಲಾನ್ ಹಾಕಬೇಡಿ, ಉರಿಯುತ್ತದೆ. ಕಲ್ಲುಪ್ಪು ಹಾಕಿದರೆ ಗಾಯ ಬೇಗ ಮಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಶುದ್ಧ ನೀರೇ ಔಷಧಿ. ಮೊದಲ ಒಂದೆರಡು ಸಲ ಬಾಗಿಲಿಗೆ ಚಿಲಕ ಹಾಕಿಕೊಳ್ಳದಿರಲಿ, ಅಮ್ಮನೋ ಅಕ್ಕನೋ ಹೊರಗೆ ನಿಂತಿರಲಿ. ಬಿಸಿನೀರಿಗೆ ರಕ್ತನಾಳ ಹಿಗ್ಗಿ, ಹೆರಿಗೆಯಲ್ಲಿ ರಕ್ತ ಹೋದವರಿಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದುಂಟು.

ಎದ್ದ ಮೇಲೆ ಒರೆಸುವುದಲ್ಲ, ಒತ್ತುವುದು. ಹಳೆಯ ತೆಳು ಬೈರಾಸು ಇದಕ್ಕೆ ಅಂಗಡಿಯ ದಪ್ಪ ಟವೆಲಿಗಿಂತ ಎಷ್ಟೋ ಮೇಲು: ಮೆತ್ತಗಿರುತ್ತದೆ, ನೀರು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಮುಂದಿನಿಂದ ಹಿಂದಕ್ಕೆ ಒತ್ತುತ್ತ ಬನ್ನಿ. ಇದಕ್ಕೆಂದೇ ನಾಲ್ಕೈದು ಬೈರಾಸು ಬೇರೆ ಇಡಿ. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ಬಳಸದೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ಟಬ್ಬನ್ನೂ ಪ್ರತಿ ಸಲ ಸೋಪಿನಲ್ಲಿ ತೊಳೆದು ಕವುಚಿ ಹಾಕಬೇಕು.

ಇಷ್ಟೆಲ್ಲ ಹೇಳಿದರೂ ಹೆರಿಗೆಯಾದ ಮೊದಲ ದಿನ ಟಬ್ ಬೇಡ. ಆಗ ಊತ ಏರುತ್ತಿರುತ್ತದೆ, ಬೇಕಾದದ್ದು ತಂಪು. ಮೊದಲ 24ರಿಂದ 48 ಗಂಟೆ ತಂಪು, ಆಮೇಲೆ ಬೆಚ್ಚಗೆ, ಇದು ವಾಡಿಕೆಯ ಕ್ರಮ. ನಂತರವೂ ತಂಪೇ ಹಿತ ಎನ್ನುವವರು ಅದನ್ನೇ ಮುಂದುವರಿಸಬಹುದು. ‘ಬಾಣಂತಿಗೆ ಥಂಡಿ ತಾಗಬಾರದು’ ಎಂದು ಹಿರಿಯರು ಹೆದರುತ್ತಾರೆ. ಅವರ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಊದಿದ ಜಾಗಕ್ಕೆ ಹತ್ತು ನಿಮಿಷ ತಂಪು ಇಟ್ಟರೆ ಹಾಲು ಕಡಿಮೆಯಾಗುವುದೂ ಇಲ್ಲ, ಮಗುವಿಗೆ ಶೀತ ಆಗುವುದೂ ಇಲ್ಲ ಎಂದು ಅವರಿಗೆ ಸಮಾಧಾನದಿಂದ ಹೇಳಿ.

ಜೆಲ್ ಪ್ಯಾಕಿನ ಮುಖ್ಯ ದೋಷ ಅದು ಫ್ರೀಜರಿನಿಂದ ಬರುವಾಗ ಇರುವ ಅತಿ ತಂಪು. ಬರಿ ಚರ್ಮಕ್ಕೆ ಇಟ್ಟರೆ ಸುಟ್ಟ ಹಾಗೆಯೇ ಗಾಯವಾಗುತ್ತದೆ. ಹೊಲಿಗೆ ಹಾಕಲು ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ನಿನ ಪ್ರಭಾವ ಇನ್ನೂ ಇದ್ದರೆ ಬಾಣಂತಿಗೆ ಅದು ಗೊತ್ತಾಗುವುದೂ ಇಲ್ಲ. ಪ್ಯಾಕಿಗೆ ಎರಡು ಮಡಿಕೆ ಬಟ್ಟೆ ಸುತ್ತಿ, ಹತ್ತು ನಿಮಿಷ ಇಡಿ, ಇಪ್ಪತ್ತು ದಾಟಿಸಬೇಡಿ, ಮುಂದಿನ ಸಲಕ್ಕೆ ಒಂದೆರಡು ಗಂಟೆ ಬಿಡಿ. ಮನೆಯಲ್ಲೇ ಮಾಡುವುದಾದರೆ ಹೊಸ ಮೆಟರ್ನಿಟಿ ಪ್ಯಾಡಿಗೆ ಕುದಿಸಿ ಆರಿಸಿದ ನೀರು ಚಿಮುಕಿಸಿ, ಶುಚಿಯಾದ ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಕಲ್ಲಾಗುವ ಮೊದಲೇ, ಬಾಗುವ ಹದದಲ್ಲಿ ತೆಗೆದು, ತೆಳು ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಮೈಯ ಆಕಾರಕ್ಕೆ ಬಾಗುವುದರಿಂದ ಗಟ್ಟಿ ಜೆಲ್ ಪ್ಯಾಕಿಗಿಂತ ಇದೇ ಚೆನ್ನಾಗಿ ಕೂರುತ್ತದೆ.

ಕಿಟ್ಟಿನಲ್ಲಿ ಅತಿ ಅಗ್ಗದ, ಅತಿ ಉಪಯೋಗದ ವಸ್ತು ಹಿಂಡುವ ಬಾಟಲಿ. ಮೂತ್ರ ಹೊಲಿಗೆಗೆ ತಾಗಿ ಉರಿಯುತ್ತದೆ ಎಂದು ಎಷ್ಟೋ ಮಂದಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ ಮೂತ್ರ ಗಾಢವಾಗಿ ಉರಿ ಇನ್ನೂ ಹೆಚ್ಚು, ಜೊತೆಗೆ ಮಲಬದ್ಧತೆ. ಮೂತ್ರ ಮಾಡುತ್ತಿರುವಾಗಲೇ ಮುಂದಿನಿಂದ ಉಗುರುಬೆಚ್ಚನೆಯ ನೀರು ಹರಿಸುತ್ತಿದ್ದರೆ ಮೂತ್ರ ತೆಳುವಾಗಿ ಉರಿ ತಗ್ಗುತ್ತದೆ. ಮೂತಿ ಬಾಗಿರುವ ಬಾಟಲಿಯಾದರೆ ಕೈ ತಿರುಚಬೇಕಾಗಿಲ್ಲ. ನೀರಿನ ಧಾರೆ ಹೊರಮೈಗೆ ಮಾತ್ರ, ಒಳಗೆ ಹಾಯಿಸಬಾರದು. ಬಾಟಲಿ ಸಿಗದಿದ್ದರೆ ಚೆಂಬು ಸಾಕು. ಟಾಯ್ಲೆಟ್ಟಿನ ಜೆಟ್ ಪೈಪ್ ಮಾತ್ರ ಬೇಡ. ಟ್ಯಾಂಕಿನ ನೀರಿನ ಒತ್ತಡ ನೇರ ಹೊಲಿಗೆಗೆ ಬಡಿಯುತ್ತದೆ.

ಗಾಳಿ ದಿಂಬು ಯಾಕೆ ಬೇಡ? ತೂತಿನ ಮೇಲೆ ಕೂತಾಗ ಸುತ್ತಲಿನ ಭಾಗಕ್ಕೆ ಆಸರೆ, ನಡುವಿನದಕ್ಕೆ ಇಲ್ಲ. ಹೊಲಿಗೆಯ ಜಾಗ ಕೆಳಕ್ಕೆ ಜೋತು ಬೀಳುತ್ತದೆ, ರಕ್ತ ಅಲ್ಲೇ ನಿಂತು ಊತ ಹೆಚ್ಚಬಹುದು. ಅದರ ಬದಲು ಚಪ್ಪಟೆಯಾದ, ಮೆತ್ತನೆಯ ದಿಂಬು ಹಾಕಿ. ಕೂರುವ ಮೊದಲು ಪೃಷ್ಠ ಬಿಗಿಹಿಡಿದು, ಕೂತ ಮೇಲೆ ಸಡಿಲಿಸಿದರೆ ಹೊಲಿಗೆ ಎಳೆಯುವುದು ತಪ್ಪುತ್ತದೆ. ಮೊದಲ ವಾರ ಪಕ್ಕಕ್ಕೆ ಮಲಗಿ ಹಾಲೂಡಿಸಿದರೆ ಕೂರುವ ಅಗತ್ಯವೇ ಅರ್ಧಕ್ಕಿಳಿಯುತ್ತದೆ.

ಇನ್ನೊಂದು ಮಾತು ನಮ್ಮೂರಿನ ಬಾಣಂತನಕ್ಕೆ ಸಂಬಂಧಿಸಿದ್ದು. ಎಣ್ಣೆ ಹಚ್ಚಿ ಹಂಡೆ ನೀರಲ್ಲಿ ಮೀಯಿಸುವುದರಿಂದ ಬೆನ್ನು ಸೊಂಟಕ್ಕೆ ಹಾಯೆನಿಸುತ್ತದೆ, ಅದನ್ನು ನಿಲ್ಲಿಸಬೇಕಿಲ್ಲ. ಆದರೆ ಆ ಬಿಸಿಯ ನೀರನ್ನು ತೊಡೆಯ ಸಂದಿಗೆ ರಭಸದಿಂದ ಎರಚಬಾರದು. ಎಣ್ಣೆ, ಅರಿಶಿನ ಹೊಲಿಗೆಯ ಮೇಲೆ ಬೇಡ. ತಗ್ಗು ಮಣೆಯ ಬದಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ. ಕೆಂಡದ ಹೊಗೆಗೆ ಗಾಯ ಒಡ್ಡುವುದೂ, ಹೇರ್ ಡ್ರೈಯರ್ ಹಿಡಿಯುವುದೂ ಬೇಡವೇ ಬೇಡ, ಸುಟ್ಟ ಗಾಯವಾದರೆ ಹೊಲಿಗೆಯ ನೋವಿಗಿಂತ ಹೆಚ್ಚು ದಿನ ನರಳಬೇಕು. ಪಥ್ಯದ ಹೆಸರಲ್ಲಿ ನೀರು, ತರಕಾರಿ ಕಡಿತ ಮಾಡಿದರೆ ಯಾವ ಟಬ್ಬೂ ಕಾಯದು. ಕುಚ್ಚಲಕ್ಕಿ ಗಂಜಿ, ಬಸಳೆ, ಹರಿವೆ, ಹಣ್ಣು, ಬಾಯಾರಿಕೆ ತೀರುವಷ್ಟು ನೀರು ಇರಲಿ. ಶೌಚಕ್ಕೆ ಕೂತಾಗ ಕಾಲಡಿ ಸಣ್ಣ ಸ್ಟೂಲ್ ಇಟ್ಟು, ಶುಚಿಯಾದ ಪ್ಯಾಡಿನಿಂದ ಹೊಲಿಗೆಗೆ ಮುಂದಿನಿಂದ ಮೆಲ್ಲಗೆ ಆಸರೆ ಕೊಟ್ಟರೆ ‘ಬಿಚ್ಚಿಹೋಗುತ್ತದೋ’ ಎಂಬ ಭಯ ಇರುವುದಿಲ್ಲ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ.

ಟಬ್ಬಿನಿಂದ ಆಗದ ಕೆಲಸವೂ ಇದೆ. ಗುದದ್ವಾರದ ಸ್ನಾಯುವಿನವರೆಗೆ ಹರಿದು ಹೊಲಿದಿದ್ದರೆ ಡಾಕ್ಟರ್ ಹೇಳಿದ ಮೇಲೆಯೇ ಟಬ್ಬಿಗೆ ಕೂರಬೇಕು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಒಂದು ಬದಿ ಬಿಗಿದುಕೊಂಡು ತಡೆಯಲಾರದ ಒತ್ತು ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿರಬಹುದು, ಕೂಡಲೇ ನರ್ಸನ್ನು ಕರೆಯಿರಿ. ಮನೆಗೆ ಬಂದ ಮೇಲೆ ದಿನದಿಂದ ದಿನಕ್ಕೆ ನೋವು ಇಳಿಯಬೇಕು. ಅದು ಏರಿದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಹೊಲಿಗೆ ಬಾಯಿಬಿಟ್ಟಂತೆ ಕಂಡರೆ, ಜ್ವರ 38 ಡಿಗ್ರಿ ದಾಟಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ ಟಬ್ ಬದಿಗಿಟ್ಟು ಆಸ್ಪತ್ರೆಗೆ ಹೋಗಿ. ಒಂದೆರಡು ವಾರದಲ್ಲಿ ಪ್ಯಾಡಿನಲ್ಲಿ ದಾರದ ಚೂರು ಕಂಡರೆ ಮಾತ್ರ ಗಾಬರಿ ಬೇಡ, ಕರಗುವ ದಾರ ಹಾಗೆಯೇ ಉದುರುತ್ತದೆ. ನೇತಾಡುವ ತುದಿಯನ್ನು ಎಳೆಯಬೇಡಿ.

ಟಬ್ಬನ್ನು ಪಕ್ಕದ ಮನೆಯ ಬಾಣಂತಿಗೆ ಎರವಲು ಕೊಡಬೇಡಿ, ಅವರಿಂದ ತರಲೂ ಬೇಡಿ. ಗೀರು ಬಿದ್ದ ಪ್ಲಾಸ್ಟಿಕ್ ಎಷ್ಟು ತೊಳೆದರೂ ಪೂರ್ತಿ ಶುಚಿಯಾಗದು.