ಹುಬ್ಬಳ್ಳಿಯ ವಿದೇಶಿ ಉದ್ಯೋಗ ಕಚೇರಿಯೊಂದರ ಸೇವೆ: ಮೂಲ ವೇತನ ಎಷ್ಟೆಂದು ಮೊದಲು ಕೇಳಿರಿ

ಕೊಲ್ಲಿ ರಾಷ್ಟ್ರಗಳಲ್ಲಿರುವ ವಿದೇಶಿ ಕಂಪನಿಗಳಿಗೆ ನಮ್ಮ ಭಾಗದ ಐಟಿಐ ಓದಿದ ಹುಡುಗರನ್ನು ಆರಿಸಿ ಕಳಿಸುವ, ಪರವಾನಗಿ ಹೊಂದಿದ ಹುಬ್ಬಳ್ಳಿಯ ಕಚೇರಿಯೊಂದರ ಸೇವೆಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಗದಗಿನಲ್ಲಿರುವ ನನ್ನ ಅಕ್ಕನ ಮಗ ರೆಫ್ರಿಜರೇಶನ್ ಮತ್ತು ಎಸಿ ಮೆಕ್ಯಾನಿಕ್ ತರಬೇತಿ ಮುಗಿಸಿ, ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಕೆಲವು ಕಾಲ ಕೆಲಸ ಮಾಡಿ, ಈ ಕಚೇರಿಯ ಮೂಲಕ ದುಬೈನ ಕಂಪನಿಯೊಂದನ್ನು ಸೇರಿದ್ದಾನೆ. ಕಂಪನಿಯ ಮಾಲೀಕರು ಯುರೋಪಿನವರು; ದೊಡ್ಡ ಕಟ್ಟಡಗಳ ಎಸಿ ನಿರ್ವಹಣೆ ಅದರ ಕೆಲಸ. ಅವನ ಕಾಗದಪತ್ರಗಳನ್ನೆಲ್ಲ ಓದುವ ಹೊಣೆ ನನ್ನ ಮೇಲೆ ಬಿದ್ದಿದ್ದರಿಂದ ಈ ಸೇವೆಯ ಒಳ್ಳೆಯದನ್ನೂ ಕೊರತೆಯನ್ನೂ ಹತ್ತಿರದಿಂದ ನೋಡಲು ಸಾಧ್ಯವಾಯಿತು. ಕಚೇರಿಯ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ನಾನು ಎತ್ತುವ ಮುಖ್ಯ ಆಕ್ಷೇಪ ಇಂಥ ಬಹುತೇಕ ಎಲ್ಲ ಕಚೇರಿಗಳಿಗೂ ಸಲ್ಲುತ್ತದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. 1983ರ ವಲಸೆ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಣಿ ಇಲ್ಲದ ಯಾರೂ ವಿದೇಶಿ ಉದ್ಯೋಗಕ್ಕೆ ಜನರನ್ನು ಸೇರಿಸುವಂತಿಲ್ಲ. ಈ ಕಚೇರಿಯ ನೋಂದಣಿ ಸಂಖ್ಯೆ ಬಾಗಿಲ ಬಳಿಯೇ ತೂಗುಹಾಕಿದೆ, ಮತ್ತು ಅದೇ ಸಂಖ್ಯೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಚಾಲ್ತಿಯಲ್ಲಿರುವ ಏಜೆಂಟರ ಪಟ್ಟಿಯಲ್ಲಿಯೂ ಸಿಕ್ಕಿತು. ಅಭ್ಯರ್ಥಿಯಿಂದ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 35,400. ಇಲ್ಲಿ ಆ ಮಿತಿಯನ್ನು ದಾಟಲಿಲ್ಲ, ಹಣವನ್ನು ಬ್ಯಾಂಕಿನ ಮೂಲಕವೇ ತೆಗೆದುಕೊಂಡರು, ಕೇಳುವ ಮೊದಲೇ ರಸೀದಿ ಕೊಟ್ಟರು. ಇದಕ್ಕೂ ಮುನ್ನ ಊರಿನ ಕಡೆಯ ದಲ್ಲಾಳಿಯೊಬ್ಬ ವೀಸಾದ ಖರ್ಚು ಎಂದು ಹೇಳಿ ಇದರ ಮೂರು ಪಟ್ಟಿಗೂ ಹೆಚ್ಚು ಕೇಳಿದ್ದ. ವೀಸಾದ ಖರ್ಚು ಕಂಪನಿಯದು. ಸಂಯುಕ್ತ ಅರಬ್ ಎಮಿರೇಟ್ಸ್‌ನ ಕಾರ್ಮಿಕ ಕಾನೂನು, ಅಂದರೆ 2021ರಲ್ಲಿ ಹೊರಟು 2022ರ ಫೆಬ್ರವರಿಯಿಂದ ಜಾರಿಗೆ ಬಂದ 33ನೇ ಸಂಖ್ಯೆಯ ಕಾನೂನು, ನೇಮಕಾತಿಯ ವೆಚ್ಚವನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ನೌಕರನಿಂದ ವಸೂಲಿ ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಹೊಲ ಒತ್ತೆಯಿಟ್ಟು ದಲ್ಲಾಳಿಗೆ ದುಡ್ಡು ಸುರಿಯುವ ಕುಟುಂಬಗಳನ್ನು ರೋಣ, ಮುಂಡರಗಿ, ಸವಣೂರಿನ ಕಡೆ ಕಂಡಾಗಲೆಲ್ಲ ಈ ಒಂದು ಸಾಲನ್ನು ಅವರಿಗೆ ಮೊದಲೇ ಯಾರಾದರೂ ಓದಿ ಹೇಳಬೇಕಿತ್ತು ಎಂದು ಸಂಕಟವಾಗುತ್ತದೆ.

ಕೆಲಸದ ಪರೀಕ್ಷೆಯೂ ಶಿಸ್ತಾಗಿ ನಡೆಯಿತು. ಕಂಪನಿಯ ಎಂಜಿನಿಯರರೇ ಬಂದು, ಕಂಪ್ರೆಸರ್ ಬಿಚ್ಚಿಸಿ, ಗ್ಯಾಸ್ ತುಂಬಿಸಿ, ವೈರಿಂಗ್ ನಕ್ಷೆ ಓದಿಸಿ ಆರಿಸಿಕೊಂಡರು. ಈ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ನನ್ನ ಆಕ್ಷೇಪ ಆರಂಭವಾಗುವುದು ಕೈಗೆ ಬಂದ ಮೊದಲ ಪತ್ರದಿಂದ. ಅದರಲ್ಲಿ ತಿಂಗಳಿಗೆ ಒಟ್ಟು 2,100 ದಿರ್ಹಾಮ್ (ದುಬೈನ ನಾಣ್ಯ), ವಾಸಕ್ಕೆ ಕೋಣೆ ಮತ್ತು ಕೆಲಸದ ಸ್ಥಳಕ್ಕೆ ವಾಹನ ಕಂಪನಿಯದು, ಉಳಿದ ಸೌಲಭ್ಯಗಳು ಆ ದೇಶದ ಕಾನೂನಿನಂತೆ ಎಂದಷ್ಟೇ ಇತ್ತು. ಒಟ್ಟು ಮೊತ್ತದಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂಬ ವಿವರವೇ ಇರಲಿಲ್ಲ. ಕೇಳಿದಾಗ ಕೌಂಟರಿನಲ್ಲಿದ್ದ ಯುವಕ, "ಸರ, ಕೈಗೆ ಎರಡು ಸಾವಿರದ ನೂರು ಬರ್ತದ ಅಂದಮ್ಯಾಲ ಅದನ್ನ ಹೆಂಗ ಹಂಚಿದರೇನ್ರಿ" ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಬಂದವರೆಲ್ಲ ಒಟ್ಟು ಮೊತ್ತವನ್ನಷ್ಟೇ ಕೇಳಿ ಹೋಗುವುದರಿಂದ ಅವನಿಗೂ ಅದೇ ರೂಢಿಯಾಗಿದೆ. ಆದರೆ ಹಂಚಿಕೆಯಲ್ಲಿಯೇ ಎಲ್ಲವೂ ಇದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬೇಕು.

ಅದೇ 2,100 ದಿರ್ಹಾಮನ್ನು ಎರಡು ರೀತಿಯಲ್ಲಿ ಬರೆಯಬಹುದು ಎಂದುಕೊಳ್ಳಿ: ಒಂದರಲ್ಲಿ ಮೂಲ ವೇತನ 1,500 ಮತ್ತು ಭತ್ಯೆ 600, ಇನ್ನೊಂದರಲ್ಲಿ ಮೂಲ ವೇತನ 1,000 ಮತ್ತು ಭತ್ಯೆ 1,100. ತಿಂಗಳ ಕೊನೆಗೆ ಕೈಗೆ ಬರುವುದು ಒಂದೇ. ಈಗ ಹೆಚ್ಚುವರಿ ಕೆಲಸ, ಅಂದರೆ ಓವರ್‌ಟೈಮ್ ನೋಡೋಣ. ಅಲ್ಲಿಯ ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಸಾಮಾನ್ಯ ಕೆಲಸ. ಅದಕ್ಕಿಂತ ಹೆಚ್ಚು ದುಡಿಸಿದರೆ ಮೂಲ ವೇತನದ ಲೆಕ್ಕದಲ್ಲಿ ಗಂಟೆಯ ಕೂಲಿಯ ಮೇಲೆ ಶೇ. 25, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಆದರೆ ಶೇ. 50 ಸೇರಿಸಿ ಕೊಡಬೇಕು. ತಿಂಗಳಿಗೆ 30 ದಿನ, ದಿನಕ್ಕೆ 8 ಗಂಟೆ ಎಂದು ಭಾಗಿಸಿದರೆ, ಮೂಲ ವೇತನ 1,500 ಇದ್ದವನಿಗೆ ಹಗಲಿನ ಓವರ್‌ಟೈಮ್ ಗಂಟೆಗೆ 7.81 ದಿರ್ಹಾಮ್ ಆಗುತ್ತದೆ, 1,000 ಇದ್ದವನಿಗೆ 5.21. ದಿನಕ್ಕೆ 2 ಗಂಟೆಯಂತೆ 26 ದಿನ ದುಡಿದರೆ ಒಬ್ಬನಿಗೆ ಸುಮಾರು 406, ಇನ್ನೊಬ್ಬನಿಗೆ ಸುಮಾರು 271 ದಿರ್ಹಾಮ್. ಒಂದೇ ಛಾವಣಿಯ ಮೇಲೆ, ಅದೇ ಬಿಸಿಲಿನಲ್ಲಿ, ಅದೇ ಯಂತ್ರವನ್ನು ರಿಪೇರಿ ಮಾಡಿದ ಇಬ್ಬರ ನಡುವೆ ತಿಂಗಳಿಗೆ 135 ದಿರ್ಹಾಮ್ ವ್ಯತ್ಯಾಸ ಬರುವುದು ಕೇವಲ ಪತ್ರದ ಒಂದು ಸಾಲಿನಿಂದ.

ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೂ ಹಾಗೆಯೇ. ಒಂದು ವರ್ಷ ಪೂರೈಸಿದವನಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಸಲ್ಲಬೇಕು. ಐದು ವರ್ಷಕ್ಕೆ 1,500ರವನಿಗೆ 5,250 ದಿರ್ಹಾಮ್, 1,000ದವನಿಗೆ 3,500. ಬಳಸದೆ ಉಳಿದ ರಜೆಯ ಹಣವನ್ನು ಕೊನೆಯಲ್ಲಿ ಕೊಡುವಾಗಲೂ ಮೂಲ ವೇತನದ ಲೆಕ್ಕವೇ. 2023ರಿಂದ ಅಲ್ಲಿ ಕಡ್ಡಾಯವಾಗಿರುವ ಉದ್ಯೋಗ ನಷ್ಟದ ವಿಮೆಯಲ್ಲಿ, ಕಡಿಮೆ ವೇತನದವರು ತಿಂಗಳಿಗೆ 5 ದಿರ್ಹಾಮ್ ಕಟ್ಟುತ್ತಾರೆ; 12 ತಿಂಗಳು ಕಟ್ಟಿದ ಮೇಲೆ ತಮ್ಮ ತಪ್ಪಿಲ್ಲದೆ ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು ಹಣ ಹೆಚ್ಚೆಂದರೆ ಮೂರು ತಿಂಗಳು ಬರುತ್ತದೆ. ಅಲ್ಲಿಯೂ ಅದೇ ಸಾಲು. ವಿದೇಶಿ ನೌಕರರಿಗೆ ಇಂತಿಷ್ಟು ಕನಿಷ್ಠ ವೇತನ ಎಂದು ಆ ಕಾನೂನು ಮೊತ್ತ ಗೊತ್ತುಪಡಿಸಿಲ್ಲವಾದ್ದರಿಂದ, ಪತ್ರದಲ್ಲಿ ಬರೆಸಿಕೊಂಡದ್ದೇ ನೌಕರನಿಗಿರುವ ಆಧಾರ. ನಮ್ಮಲ್ಲಿಯ ಭವಿಷ್ಯ ನಿಧಿಯಂತೆ ತಿಂಗಳು ತಿಂಗಳು ಕಂಪನಿ ಹಣ ಸೇರಿಸುವ ಪದ್ಧತಿ ಅವನಿಗಿಲ್ಲ, ಪಿಂಚಣಿಯೂ ಇಲ್ಲ. ತಾರಿಹಾಳ ಅಥವಾ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಿಎಫ್ ಇರುವ ಕೆಲಸ ಬಿಟ್ಟು ಹೋಗುವವರು ಎರಡು ಕಡೆಯ ಸಂಬಳವನ್ನು ಹೋಲಿಸುವಾಗ ಇದನ್ನು ಕಳೆದು ನೋಡಬೇಕು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕಚೇರಿಯ ಮುಖ್ಯಸ್ಥರ ಮುಂದಿಟ್ಟಾಗ ಅವರು ನಡೆದುಕೊಂಡ ರೀತಿಯೇ ನಾನು ಈ ಸೇವೆಗೆ ಒಳ್ಳೆಯ ಅಂಕ ಕೊಡಲು ಕಾರಣ. ಅವರು ವಾದಿಸಲಿಲ್ಲ, ಬೇರೆ ಹುಡುಗರು ಸಾಲಿನಲ್ಲಿದ್ದಾರೆ ಎಂದು ಹೆದರಿಸಲಿಲ್ಲ. ಕಂಪನಿಗೆ ಬರೆದು ಮೂಲ ವೇತನ 1,500, ಊಟದ ಭತ್ಯೆ 300, ಇತರ ಭತ್ಯೆ 300 ಎಂದು ಬಿಡಿಸಿದ ಪತ್ರವನ್ನು ತರಿಸಿಕೊಟ್ಟರು. ಇಷ್ಟು ಸುಲಭವಾಗಿ ಸಿಗುವ ವಿವರವನ್ನು ಎಲ್ಲರಿಗೂ ಮೊದಲೇ ಏಕೆ ಕೊಡುವುದಿಲ್ಲ ಎಂಬ ನನ್ನ ಪ್ರಶ್ನೆಗೆ ಮಾತ್ರ ಸಮಾಧಾನಕರ ಉತ್ತರ ಬರಲಿಲ್ಲ. ಕೇಳಿದವನಿಗೆ ಕೊಡುವುದು ಸೌಜನ್ಯ, ಕೇಳದವನಿಗೂ ಕೊಡುವುದು ಅವರು ಶುಲ್ಕ ಪಡೆದ ಸೇವೆಯ ಭಾಗ ಎಂದೇ ನನ್ನ ದೃಢವಾದ ಅಭಿಪ್ರಾಯ.

ಭಾಷೆಯ ತೊಡಕನ್ನೂ ಇಲ್ಲಿಯೇ ಹೇಳಬೇಕು. ಎಮಿರೇಟ್ಸ್‌ನ ಕಾರ್ಮಿಕ ಸಚಿವಾಲಯದ ಅಧಿಕೃತ ಉದ್ಯೋಗ ಪತ್ರ ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ನೌಕರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿ ಬರುತ್ತದೆ. ಆ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ ಇವೆ, ಕನ್ನಡವಿಲ್ಲ. ನಮ್ಮ ಹುಡುಗನಿಗೆ ಹಿಂದಿ ಮಾತಾಡಲು ಬರುತ್ತದೆ, ಆದರೆ ಕಾನೂನಿನ ಹಿಂದಿಯನ್ನು ಓದಿ ಸಹಿ ಹಾಕುವಷ್ಟು ಬರುವುದಿಲ್ಲ. ಹೀಗಿರುವಾಗ ಹುಬ್ಬಳ್ಳಿಯಲ್ಲಿ ಕುಳಿತು ಕನ್ನಡದ ಹುಡುಗರನ್ನು ಕಳಿಸುವ ಕಚೇರಿ ಆ ಪತ್ರದ ಕನ್ನಡ ಸಾರವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಕೊಡಬೇಕು. ಈ ಕಚೇರಿ ಬಾಯಿಮಾತಿನಲ್ಲಿ ವಿವರಿಸುತ್ತದೆ, ತಾಳ್ಮೆಯಿಂದಲೇ ವಿವರಿಸುತ್ತದೆ, ಆದರೆ ಮನೆಗೆ ಹೋಗಿ ತಂದೆ-ತಾಯಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹಿಂದಿಯ ಪತ್ರವನ್ನು ಹಿಡಿದುಕೊಂಡು ನಮ್ಮ ಅಕ್ಕ ಇಡೀ ಸಂಜೆ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು.

ವಲಸೆಯ ಅನುಮತಿ ಮತ್ತು ವಿಮೆಯ ವಿಷಯದಲ್ಲಿ ಕಚೇರಿ ಹೇಳಿದ್ದು ಸರಿಯಾಗಿತ್ತು, ಆದರೆ ಅರ್ಧವಾಗಿತ್ತು. ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು ಬೀಳುತ್ತದೆ. ಅವರು ಕೊಲ್ಲಿಯ ದೇಶಗಳೂ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗುವ ಮೊದಲು ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿಯನ್ನೂ ಮಾಡಿಸಲೇಬೇಕು. ತೆರಿಗೆ ಬಿಟ್ಟು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಪ್ರೀಮಿಯಂ ಇರುವ ಈ ಪಾಲಿಸಿ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿ ಕೊಡುತ್ತದೆ. ಅಷ್ಟು ಕಡಿಮೆ ಹಣಕ್ಕೆ ಇಷ್ಟು ರಕ್ಷಣೆ ಸಿಗುವುದು ದೊಡ್ಡ ಮಾತು. ಎಸ್‌ಎಸ್‌ಎಲ್‌ಸಿ ಪಾಸಾದ ನಮ್ಮ ಹುಡುಗನಿಗೆ ಈ ಅನುಮತಿಯ ಅಗತ್ಯವಿಲ್ಲ, "ನಿಮಗ ಯಾವ ತೊಂದರೀನೂ ಇಲ್ಲ" ಎಂದು ಕಚೇರಿಯವರು ಅದನ್ನು ಅನುಕೂಲವೆಂಬಂತೆ ಹೇಳಿದರು. ಅನುಮತಿಯ ಓಡಾಟ ತಪ್ಪುವಾಗ ಸರ್ಕಾರ ಒಪ್ಪಂದವನ್ನು ಪರಿಶೀಲಿಸುವ ಹಂತವೂ ತಪ್ಪುತ್ತದೆ ಎಂಬುದನ್ನು ಹೇಳಲಿಲ್ಲ. ಇಂಥವರು ಇ-ಮೈಗ್ರೇಟ್‌ನಲ್ಲಿ ತಾವಾಗಿಯೇ ಹೆಸರು ದಾಖಲಿಸಬಹುದು; ನಾವು ಹಾಗೆ ಮಾಡಿಸಿದೆವು.

ಹೋದ ಮೇಲಿನ ಅನುಭವ ಇಲ್ಲಿಯವರೆಗೆ ಸಮಾಧಾನಕರವಾಗಿದೆ. ಪತ್ರದಲ್ಲಿದ್ದ ಮೊತ್ತವೇ ಒಪ್ಪಂದದಲ್ಲಿಯೂ ಇದೆ. ಸಂಬಳವು 2009ರಿಂದ ಅಲ್ಲಿರುವ ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕ ಬರುವುದರಿಂದ ಕಂಪನಿ ಎಷ್ಟು ಹಾಕಿತು, ಯಾವಾಗ ಹಾಕಿತು ಎಂಬುದು ಅಲ್ಲಿಯ ಸಚಿವಾಲಯಕ್ಕೂ ಕಾಣುತ್ತದೆ. ಆರೋಗ್ಯ ವಿಮೆಯ ಕಾರ್ಡು ಕಂಪನಿಯ ಖರ್ಚಿನಲ್ಲಿ ಬಂದಿದೆ, ಪಾಸ್‌ಪೋರ್ಟ್ ಅವನ ಬಳಿಯೇ ಇದೆ. ಅದನ್ನು ಕಂಪನಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವನ್ನು ಕಂಪನಿ ಪಾಲಿಸುತ್ತಿದೆ ಎಂದು ಅವನು ಹೇಳಿದಾಗ ಮನೆಯಲ್ಲಿ ಎಲ್ಲರಿಗೂ ಧೈರ್ಯ ಬಂತು, ಏಕೆಂದರೆ ಎಸಿ ಯಂತ್ರಗಳು ಇರುವುದು ಹೆಚ್ಚಾಗಿ ಕಟ್ಟಡದ ಮೇಲ್ಛಾವಣಿಯಲ್ಲಿ. ಊಟದ 300 ದಿರ್ಹಾಮ್ ಮಾತ್ರ ಸಾಲುವುದಿಲ್ಲ. ನಾಲ್ವರು ಕೂಡಿ ಅಡುಗೆ ಮಾಡಿಕೊಂಡರೂ ಜೋಳದ ಹಿಟ್ಟು, ತರಕಾರಿ ಎಂದು ಅದಕ್ಕಿಂತ ಹೆಚ್ಚೇ ಆಗುತ್ತದೆ. ಈ ಖರ್ಚಿನ ಅಂದಾಜನ್ನು ಕಚೇರಿಯವರು ಮೊದಲೇ ಕೊಡಬಹುದಿತ್ತು.

ಮನೆಗೆ ಕಳಿಸುವ ಹಣದ ಬಗ್ಗೆ ಕಚೇರಿ ಕೊಟ್ಟ ಒಂದು ಸಲಹೆ ಉಪಯೋಗಕ್ಕೆ ಬಂತು. ಎಮಿರೇಟ್ಸ್‌ನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಹೋದ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಡದೆ, ಅನಿವಾಸಿ ಭಾರತೀಯರಿಗಾಗಿ ಇರುವ ಎನ್‌ಆರ್‌ಇ ಖಾತೆ ತೆರೆದು ಅದಕ್ಕೇ ಕಳಿಸಬೇಕೆಂದು ಅವರು ಹೇಳಿದ್ದರು. ಅನಿವಾಸಿಯಾಗಿರುವವರೆಗೆ ಅದರ ಬಡ್ಡಿಗೂ ಇಲ್ಲಿ ತೆರಿಗೆ ಇರುವುದಿಲ್ಲ.

ಇದೇ ಕಚೇರಿ ಸೌದಿ ಅರೇಬಿಯಾ ಮತ್ತು ಕತಾರಿಗೂ ಜನರನ್ನು ಕಳಿಸುತ್ತದೆ, ಮತ್ತು ಎಲ್ಲರಿಗೂ ದುಬೈನ ಲೆಕ್ಕವನ್ನೇ ಹೇಳುವ ಅಭ್ಯಾಸ ಅಲ್ಲಿದೆ. ಇದು ತಿದ್ದಿಕೊಳ್ಳಬೇಕಾದ ದೋಷ. ಸೌದಿಯಲ್ಲಿ ಸೇವಾಂತ್ಯದ ಹಣವನ್ನು ಕೊನೆಯ ವೇತನದ ಮೇಲೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳಂತೆ, ಮುಂದೆ ಒಂದು ತಿಂಗಳಂತೆ ಎಣಿಸುತ್ತಾರೆ. ಆದರೆ ನೌಕರನೇ ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಏನೂ ಸಿಗುವುದಿಲ್ಲ, ಐದು ವರ್ಷದವರೆಗೆ ಅದರ ಮೂರನೆಯ ಒಂದು ಭಾಗ, ಹತ್ತು ವರ್ಷದವರೆಗೆ ಮೂರನೆಯ ಎರಡು ಭಾಗ ಮಾತ್ರ. ಕತಾರ್ 2021ರ ಮಾರ್ಚಿನಿಂದ ಕನಿಷ್ಠ ಮೂಲ ವೇತನ 1,000 ರಿಯಾಲ್, ಜೊತೆಗೆ ಕಂಪನಿಯೇ ವಸತಿ ಮತ್ತು ಊಟ ಕೊಡದಿದ್ದರೆ ವಸತಿಗೆ 500, ಊಟಕ್ಕೆ 300 ಎಂದು ಗೊತ್ತುಪಡಿಸಿದೆ. ಹಾವೇರಿಯಿಂದ ದೋಹಾಕ್ಕೆ ಹೊರಟ ಪ್ಲಂಬರನಿಗೆ ಈ ಮೂರು ಅಂಕಿಗಳು ಬಾಯಿಪಾಠವಾಗಿರಬೇಕು, ದುಬೈನ 21 ದಿನದ ಲೆಕ್ಕವನ್ನು ಹೇಳಿ ಕಳಿಸುವುದರಿಂದ ಅವನಿಗೆ ಪ್ರಯೋಜನವಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಶುಲ್ಕದ ಪ್ರಾಮಾಣಿಕತೆ, ರಸೀದಿ, ತಿದ್ದಿದ ಪತ್ರವನ್ನು ತರಿಸಿಕೊಟ್ಟದ್ದು, ಇವುಗಳಿಗಾಗಿ ನಮ್ಮ ಭಾಗದ ಹುಡುಗರು ದಲ್ಲಾಳಿಗಳನ್ನು ಬಿಟ್ಟು ಇಂಥ ನೋಂದಾಯಿತ ಕಚೇರಿಗೇ ಹೋಗಬೇಕೆಂದು ಹೇಳುತ್ತೇನೆ. ಹೋಗುವಾಗ ಮನೆಯಲ್ಲಿ ಲೆಕ್ಕ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ, ಮೂಲ ವೇತನ, ಓವರ್‌ಟೈಮ್ ದರ, ರಜೆ ಮತ್ತು ಟಿಕೆಟ್ ಈ ನಾಲ್ಕನ್ನು ಪತ್ರದಲ್ಲಿ ಬರೆಸಿಕೊಳ್ಳದೆ ಶುಲ್ಕ ಕಟ್ಟಬೇಡಿ. ಟಿಕೆಟ್ ಕುರಿತು ನಮ್ಮ ಪತ್ರದಲ್ಲಿ ಎರಡು ವರ್ಷಕ್ಕೊಮ್ಮೆ ಹೋಗಿಬರುವ ವಿಮಾನ ದರ ಎಂದಿದೆ. ಅದು ಬೆಂಗಳೂರಿನವರೆಗೋ ಹುಬ್ಬಳ್ಳಿಯವರೆಗೋ ಎಂಬುದನ್ನು ಬರೆದಿಲ್ಲ. ಕಚೇರಿಯವರು ಕಂಪನಿಗೆ ಕೇಳಿದ್ದಾರೆ, ಉತ್ತರ ಇನ್ನೂ ಬರಬೇಕಿದೆ.