ಕೊಲೆಸ್ಟ್ರಾಲ್ ನಾರ್ಮಲ್ ಅಂದರು, ನಾನು ನಂಬಿದೆ

ಹೋದ ವಾರ ನಮ್ಮ ಬೇಳೆ ಮಿಲ್ಲಿನ ಹುಡುಗನೊಬ್ಬ ತನ್ನ ರಕ್ತದ ರಿಪೋರ್ಟ್ ತಂದು ತೋರಿಸಿದ. ವಯಸ್ಸು 31. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 540. "ಏನೂ ಆಗಂಗಿಲ್ಲ ಅಂದಾರ ಅಣ್ಣಾ, ಕೊಲೆಸ್ಟ್ರಾಲ್ ನಾರ್ಮಲ್ ಅದಂತ" ಎಂದ. ಎರಡು ವರ್ಷದ ಹಿಂದೆ ಇದೇ ಮಾತನ್ನು ನನಗೂ ಹೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಕೂತರೆ ರಾತ್ರಿಯೇ ಏಳುವುದು. ಕುಡಿಯುವ ಚಟವಿಲ್ಲ, ಗುಟ್ಕಾ ಮುಟ್ಟಿಲ್ಲ, ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಶುಗರ್ ಇತ್ತು, ಅದಕ್ಕೆ ಗುಳಿಗೆ ತಗೊಳ್ಳುತ್ತಿದ್ದೆ. ಹೃದಯದ ಕಾಯಿಲೆ ನಮ್ಮಂಥವರಿಗೆ ಬರುವುದಿಲ್ಲ ಅಂತಲೇ ಅಂದುಕೊಂಡಿದ್ದೆ.

ಒಂದು ತಪಾಸಣಾ ಶಿಬಿರದಲ್ಲಿ ರಕ್ತ ಕೊಟ್ಟೆ. ಒಟ್ಟು ಕೊಲೆಸ್ಟ್ರಾಲ್ 192. ಟ್ರೈಗ್ಲಿಸರೈಡ್ 618. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 31. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಎಂಬ ಸಾಲಿನ ಮುಂದೆ ಅಂಕಿಯೇ ಇರಲಿಲ್ಲ, ಬರೀ ಗೆರೆ ಎಳೆದಿತ್ತು. ರಿಪೋರ್ಟ್ ಕೊಟ್ಟವನು ಮೊದಲ ಸಾಲಿಗೆ ಪೆನ್ನಿನಿಂದ ರೈಟ್ ಹಾಕಿ, "ಸರ, ಕೊಲೆಸ್ಟ್ರಾಲ್ ನಾರ್ಮಲ್ ಅದ. ಇದೊಂದು ಸ್ವಲ್ಪ ಜಾಸ್ತಿ ಅದ, ಎಣ್ಣಿ ಕಮ್ಮಿ ಮಾಡ್ರಿ ಸಾಕು" ಅಂದ. 618 ಅನ್ನುವುದು ಸ್ವಲ್ಪ ಜಾಸ್ತಿ ಅಲ್ಲ. 150ರ ಒಳಗಿದ್ದರೆ ಸರಿ. 200 ದಾಟಿದರೆ ಹೆಚ್ಚು. 500 ದಾಟಿದರೆ ಅತಿ ಹೆಚ್ಚು. ಟ್ರೈಗ್ಲಿಸರೈಡ್ 400ರ ಮೇಲೆ ಹೋದರೆ ಮಾಮೂಲಿ ಸೂತ್ರದಲ್ಲಿ ಎಲ್‌ಡಿಎಲ್ ಲೆಕ್ಕ ಸರಿಯಾಗಿ ಸಿಗುವುದಿಲ್ಲ, ಆ ಗೆರೆ ಅದಕ್ಕೇ ಎಳೆದಿದ್ದರು. ನನ್ನ ಖಾತೆ ಪುಸ್ತಕದಲ್ಲಿ ಒಂದು ಸಾಲು ಖಾಲಿ ಬಿದ್ದಿದ್ದರೆ ನಾನು ಮನೆಗೇ ಹೋಗುತ್ತಿರಲಿಲ್ಲ. ನನ್ನ ರಕ್ತದ ಲೆಕ್ಕದಲ್ಲಿ ಖಾಲಿ ಇದ್ದದ್ದನ್ನು ಯಾರನ್ನೂ ಕೇಳಲಿಲ್ಲ.

ಎಣ್ಣೆ ಕಡಿಮೆ ಮಾಡಿದೆ. ತುಪ್ಪ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ. ಬದಲಿಗೆ ಏನು ತಿಂದೆ ಅಂದರೆ ಎರಡು ಹೊತ್ತು ಅನ್ನ, ಸಂಜೆ ಚುರಮುರಿ ಸುಸಲಾ, ಚಹಾದ ಜೊತೆ ಬಿಸ್ಕತ್ತು. ದಿನಕ್ಕೆ ಏಳೆಂಟು ಚಹಾ, ಪ್ರತಿಯೊಂದಕ್ಕೂ ಸಕ್ಕರೆ. ಕಲಬುರಗಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ತಲೆ ಸುಡುತ್ತಿತ್ತು. ಮಿಲ್ಲಿನ ಎದುರಿನ ಗಾಡಿಯಲ್ಲಿ ದಿನಾ ಎರಡು ಗ್ಲಾಸ್ ಕಬ್ಬಿನ ಹಾಲು. ಅದರಲ್ಲಿ ಎಣ್ಣೆ ಇಲ್ಲವಲ್ಲ ಅಂತ ಧೈರ್ಯವಾಗಿ ಕುಡಿಯುತ್ತಿದ್ದೆ.

ಇದು ಯಾರಿಗೂ ಗೊತ್ತಿಲ್ಲ ಅನ್ನಿಸುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು. ಆದರೆ ಅದು ಕೊಬ್ಬು ತಿಂದರೆ ಮಾತ್ರ ಬರುವಂಥದ್ದಲ್ಲ. ಸಕ್ಕರೆ, ಮೈದಾ, ಅನ್ನ ಮೈಗೆ ಬೇಕಾದದ್ದಕ್ಕಿಂತ ಜಾಸ್ತಿಯಾದರೆ ಲಿವರ್ ಅದನ್ನು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯ ಕುಡಿದರೂ ಏರುತ್ತದೆ. ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಇನ್ನೂ ಏರುತ್ತದೆ, ಥೈರಾಯ್ಡ್ ಕಡಿಮೆ ಇದ್ದರೂ ಅಷ್ಟೇ.

ಆಮೇಲೆ ಪುಡಿ ಬಂತು. ಪರಿಚಯದವರೊಬ್ಬರು ಮನೆಗೇ ತಂದುಕೊಟ್ಟರು. "ಗುಳಿಗಿ ಎಷ್ಟ್ ದಿನ ನುಂಗ್ತೀರಿ? ಇದು ತಗೊಂಡ್ ನೋಡ್ರಿ, ಶುಗರ್ರೂ ಇಳೀತದ, ಕೊಬ್ಬೂ ಕರಗ್ತದ." ತಿಂಗಳ ಡಬ್ಬಿಗೆ 2,400 ರೂಪಾಯಿ. ಡಬ್ಬಿಯ ಮೇಲೆ ಎಲೆಯ ಚಿತ್ರ ಇತ್ತು, ಒಳಗೆ ಏನೇನಿದೆ ಅಂತ ಒಂದಕ್ಷರ ಇರಲಿಲ್ಲ. ಬಿಸಿ ನೀರಿಗೆ ಎರಡು ಚಮಚ ಜೇನು ಹಾಕಿ ಬೆಳಿಗ್ಗೆ ಸಂಜೆ ಕುಡಿಯಬೇಕು. ಶುಗರ್ ಗುಳಿಗೆ ನಿಲ್ಲಿಸಬೇಕು. ನಿಲ್ಲಿಸಿದೆ. ಮೂರು ತಿಂಗಳು.

ಮೇ ತಿಂಗಳ ಒಂದು ರಾತ್ರಿ ಊಟವಾಗಿ ಒಂದು ತಾಸಿಗೆ ಹೊಟ್ಟೆ ಹಿಡಿದುಕೊಂಡಿತು. ಎದೆಗೂಡಿನ ಕೆಳಗೆ, ನಡುಮಧ್ಯದಲ್ಲಿ. ಅಲ್ಲಿಂದ ಸೀದಾ ಬೆನ್ನಿಗೆ ಹೊಡೆಯುತ್ತಿತ್ತು. ಅಂಗಾತ ಮಲಗಲು ಆಗಲಿಲ್ಲ, ಮುಂದೆ ಬಾಗಿ ಕೂತರೆ ಚೂರು ತಡೆಯಬಹುದಿತ್ತು. ಮೇಲಿಂದ ಮೇಲೆ ವಾಂತಿ. ಗ್ಯಾಸ್ ಅಂದುಕೊಂಡು ಹೆಂಡತಿ ಜೀರಿಗೆ ನೀರು ಕೊಟ್ಟಳು, ಓಮ ಕೊಟ್ಟಳು, ಆಸಿಡಿಟಿ ಗುಳಿಗೆ ಕೊಟ್ಟಳು. ಬೆಳಗಿನ ಜಾವದವರೆಗೆ ಹಾಗೇ ಕಳೆದೆವು. ಅಷ್ಟು ಹೊತ್ತು ಕಾಯಬಾರದಿತ್ತು.

ದವಾಖಾನೆಯಲ್ಲಿ ಮೊದಲು ಇಸಿಜಿ ತೆಗೆದರು, ಹಾರ್ಟ್ ಅಟ್ಯಾಕ್ ಇರಬಹುದು ಅಂತ. ಅಲ್ಲ ಎಂದು ಗೊತ್ತಾಯಿತು. ಆಮೇಲೆ ಡಾಕ್ಟರು ಮೂರು ಸಲ ಕೇಳಿದರು, "ಕುಡೀತೀರೇನು? ನಿಜ ಹೇಳ್ರಿ." ಹೆಂಡತಿ, ಅವಳ ಅಣ್ಣ ಪಕ್ಕದಲ್ಲೇ ನಿಂತಿದ್ದರು. ಆ ನೋವಿನಲ್ಲೂ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರು ಕೇಳಿದ್ದು ತಪ್ಪಲ್ಲ. ನನಗಾಗಿದ್ದು ಜಠರದ ಹಿಂದಿರುವ ಮೇದೋಜ್ಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ ಊತ. ಅದು ಹೀಗೆ ಊದಿಕೊಳ್ಳಲು ಪಿತ್ತಕೋಶದ ಕಲ್ಲು ಇಲ್ಲವೇ ಕುಡಿತವೇ ಹೆಚ್ಚಾಗಿ ಕಾರಣ. ಸ್ಕ್ಯಾನಿನಲ್ಲಿ ಕಲ್ಲು ಇರಲಿಲ್ಲ.

ಉತ್ತರ ಸಿಕ್ಕಿದ್ದು ರಕ್ತದ ಕೊಳವೆಯಲ್ಲಿ. ನರ್ಸಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗೆ ಕಪ್ಪುಗೆಂಪು ರಕ್ತ ಇಳಿದಿತ್ತು. ಮೇಲೆ ತಿಳಿಹಳದಿ ನೀರು ನಿಲ್ಲಬೇಕಾದ ಜಾಗದಲ್ಲಿ ಬೆಳ್ಳಗೆ, ದಪ್ಪಗೆ ಹಾಲು ನಿಂತ ಹಾಗಿತ್ತು. ಅಷ್ಟು ಬೆಳ್ಳಗಾಗಿದ್ದು ಕೊಬ್ಬಿನಿಂದ. ಟ್ರೈಗ್ಲಿಸರೈಡ್ 2,340. 1,000 ದಾಟಿದರೆ ಪ್ಯಾಂಕ್ರಿಯಾಸಿಗೆ ದೊಡ್ಡ ಅಪಾಯ, ಇದರಲ್ಲಿ ಜೀವ ಹೋದವರೂ ಇದ್ದಾರೆ ಎಂದು ಆಮೇಲೆ ತಿಳಿಯಿತು. ಮೊದಲು ಬಾಯಿಗೆ ಏನೂ ಇಲ್ಲ, ಬರೀ ಸಲೈನು, ಇನ್ಸುಲಿನ್. ಎಂಟು ದಿನ ಇದ್ದೆ. ಮಗಳ ಕಾಲೇಜಿಗೆ ಅಂತ ಕೂಡಿಟ್ಟ ದುಡ್ಡು ಅಲ್ಲಿ ಹೋಯಿತು.

ಬಿಡುಗಡೆಯಾಗುವ ಮುಂಚೆ ಹೃದಯದ ಡಾಕ್ಟರಿಗೂ ತೋರಿಸಿದರು. ಅವರು ಹೇಳಿದ್ದನ್ನು ನಾನು ನಮ್ಮ ಮಿಲ್ಲಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಲಿವರ್ ಮಿಲ್ಲು. ಟ್ರೈಗ್ಲಿಸರೈಡ್ ಮೂಟೆ. ಮೂಟೆ ಹೊತ್ತ ಲಾರಿಗಳು ರಕ್ತದಲ್ಲಿ ಓಡಾಡಿ ಅಲ್ಲಲ್ಲಿ ಮಾಲು ಇಳಿಸುತ್ತವೆ. ಮಾಲು ಇಳಿದ ಮೇಲೂ ಲಾರಿಯಲ್ಲಿ ಕೊಲೆಸ್ಟ್ರಾಲ್ ಉಳಿದಿರುತ್ತದೆ. ಅಂಥ ಲಾರಿಗಳು ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಅಲ್ಲೇ ಉಳಿಯುತ್ತವೆ, ನಾಳ ಕಟ್ಟುವುದು ಹಾಗೆ. ಗಂಡಸರಿಗೆ ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಹೆಂಗಸರಿಗೆ 50ಕ್ಕಿಂತ ಕಡಿಮೆ ಇದ್ದು, ಜೊತೆಗೆ ಟ್ರೈಗ್ಲಿಸರೈಡ್ ಏರಿದ್ದರೆ ಹೃದಯಕ್ಕೆ ಅಪಾಯ ಹೆಚ್ಚು. ನಮ್ಮ ದೇಶದವರಲ್ಲಿ ಈ ಜೋಡಿ ಬಹಳ ಕಾಣಿಸುತ್ತದಂತೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ಉಳಿಯುವ ಅಂಕಿ ನೋಡಬೇಕು ಎಂದರು. ನನ್ನ ಹಳೆಯ ರಿಪೋರ್ಟಿನಲ್ಲಿ ಅದು 161 ಇತ್ತು. 130ರ ಒಳಗೆ ಇರಬೇಕಿತ್ತು, ಶುಗರ್ ಇರುವ ನನಗೆ ಇನ್ನೂ ಕಡಿಮೆ. ನಾರ್ಮಲ್ ಅಂತ ರೈಟ್ ಹಾಕಿದ ಅದೇ ಕಾಗದದಲ್ಲಿ.

ಮೊದಲ ಕೆಲವು ವಾರ ಎಣ್ಣೆಯನ್ನೂ ಪೂರ್ತಿ ಕಡಿಮೆ ಮಾಡಿಸಿದರು, ಅಷ್ಟು ಏರಿದಾಗ ಅದೂ ಬೇಕಂತೆ. ಈಗ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಕಾಳು. ಚಹಾ ಎರಡೇ, ಸಕ್ಕರೆ ಇಲ್ಲ. ಕಬ್ಬಿನ ಹಾಲು ಬಂದ್. ಬೆಳಿಗ್ಗೆ ಮುಕ್ಕಾಲು ತಾಸು ನಡಿಗೆ. ಡಾಕ್ಟರು ಬರೆದ ಗುಳಿಗೆಗಳನ್ನು ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆಯ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 168 ಬಂತು.

ನಿಮ್ಮ ಮನೆಯಲ್ಲಿ ಹಳೆಯ ರಿಪೋರ್ಟ್ ಇದ್ದರೆ ಈಗಲೇ ತೆಗೆದು ಟ್ರೈಗ್ಲಿಸರೈಡ್ ಸಾಲು ನೋಡಿ. ಊಟ ಮಾಡಿ ರಕ್ತ ಕೊಟ್ಟಿದ್ದು ಅಂಕಿ ಜಾಸ್ತಿ ಬಂದಿದ್ದರೆ, ಹತ್ತು ಹನ್ನೆರಡು ತಾಸು ಬರಿಹೊಟ್ಟೆಯಲ್ಲಿದ್ದು ಮತ್ತೊಮ್ಮೆ ಕೊಡಿ. 500ರ ಮೇಲಿದ್ದರೆ ಡಾಕ್ಟರ ಹತ್ತಿರ ಹೋಗಲು ತಡ ಮಾಡಬೇಡಿ. ಶುಗರ್ ಗುಳಿಗೆ ಬಿಡು ಅಂತ ಯಾರೇ ಹೇಳಿದರೂ ಡಾಕ್ಟರನ್ನು ಕೇಳದೆ ಬಿಡಬೇಡಿ. ಬೆನ್ನಿಗೆ ಹೊಡೆಯುವ ಹೊಟ್ಟೆನೋವು, ಜೊತೆಗೆ ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ.

ನಮ್ಮ ಮಿಲ್ಲಿನ ಹುಡುಗನನ್ನು ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವನ ಚೀಲದಲ್ಲೂ ಎಲೆಯ ಚಿತ್ರದ ಡಬ್ಬಿ ಇತ್ತು.