ಜೋತುಬಿದ್ದ ಮೇಲ್ರೆಪ್ಪೆಗೆ ಟೇಪ್, ಹನಿ, ಬೊಟಾಕ್ಸ್, ಲೇಸರ್, ಶಸ್ತ್ರಚಿಕಿತ್ಸೆ: ಯಾವುದು ಯಾರಿಗೆ ಹೊಂದುತ್ತದೆ?

ಮೇಲ್ರೆಪ್ಪೆ ಭಾರವಾಗಿದೆ ಎಂದು ಹೋದವರಿಗೆ ಒಂದು ಕಡೆ ಬೊಟಾಕ್ಸ್ ಚುಚ್ಚುಮದ್ದು ಎನ್ನುತ್ತಾರೆ, ಇನ್ನೊಂದು ಕಡೆ ಲೇಸರ್, ಮತ್ತೊಂದು ಕಡೆ ನೇರವಾಗಿ ಶಸ್ತ್ರಚಿಕಿತ್ಸೆ. ಎಷ್ಟೋ ಸಲ ಆ ಸಲಹೆ ಹುಟ್ಟುವುದು ಕಣ್ಣನ್ನು ಅಳೆದು ನೋಡಿದ್ದರಿಂದಲ್ಲ, ಆ ಕ್ಲಿನಿಕ್ಕಿನಲ್ಲಿ ಯಾವ ಸೌಲಭ್ಯ ಇದೆ ಎಂಬುದರಿಂದ. ಕಣ್ಣಿನ ಮೇಲೆ ಇಳಿದಿರುವುದು ಚರ್ಮವೋ, ಹುಬ್ಬೋ, ರೆಪ್ಪೆಯನ್ನು ಎತ್ತುವ ಸ್ನಾಯುವೇ ಸಡಿಲವಾಗಿದೆಯೋ ಎಂಬುದು ಮೊದಲು ತೀರ್ಮಾನವಾಗಬೇಕು. ಕನ್ನಡಿಯಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ, ಕೆಲವು ಸಲ ಇದ್ದದ್ದನ್ನೂ ಕೆಡಿಸುತ್ತದೆ.

ಹುಡೆಡ್ ಐ ಎಂದು ಕರೆಯುವುದು ಹುಬ್ಬಿನ ಕೆಳಗಿನ ಚರ್ಮ ರೆಪ್ಪೆಯ ಮಡಿಕೆಯನ್ನು ಮುಚ್ಚಿ ಕೆಳಗಿಳಿದ ಕಣ್ಣನ್ನು. ಹಲವರಿಗೆ ಇದು ಹುಟ್ಟಿನಿಂದ ಬಂದ ಮುಖದ ಅಚ್ಚು, ಮನೆತನದಲ್ಲೇ ಇರುತ್ತದೆ. ಇದು ರೋಗವಲ್ಲ, ಚಿಕಿತ್ಸೆ ಬೇಕೇಬೇಕೆಂದೂ ಇಲ್ಲ. ವಯಸ್ಸಾದಂತೆ ಕಾಣಿಸಿಕೊಳ್ಳುವುದು ಬೇರೆ. ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು. ಬಿಸಿಲು, ಧೂಮಪಾನ, ಅಲರ್ಜಿಯ ತುರಿಕೆಗೆ ಕಣ್ಣುಜ್ಜುವ ಚಾಳಿ ಅದರ ಬಿಗಿಯನ್ನು ಬೇಗ ಕಳೆಯುತ್ತವೆ. ಒಳಗಿನ ಕೊಬ್ಬನ್ನು ತಡೆದು ನಿಲ್ಲಿಸುವ ಪೊರೆ ಸಡಿಲಗೊಂಡರೆ ಮೂಗಿನ ಪಕ್ಕದಲ್ಲಿ ಉಬ್ಬು ಕಾಣುತ್ತದೆ. ಹುಬ್ಬು ಇಳಿಯುವುದು ಹೊರತುದಿಯಿಂದ, ಏಕೆಂದರೆ ಹಣೆಯನ್ನು ಎತ್ತುವ ಸ್ನಾಯು ಅಲ್ಲಿಯವರೆಗೆ ಚಾಚುವುದಿಲ್ಲ. ಬಹುಕಾಲ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಲ್ಲಿ ರೆಪ್ಪೆ ಎತ್ತುವ ಲೆವೇಟರ್ ಸ್ನಾಯುವಿನ ಹಿಡಿತ ಸಡಿಲವಾಗಿ ರೆಪ್ಪೆಯ ಅಂಚೇ ಕೆಳಗೆ ಬರುತ್ತದೆ. ಇದು ಟೋಸಿಸ್, ಚರ್ಮದ ಸಮಸ್ಯೆಯಲ್ಲ.

ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಕನ್ನಡಿಯ ಮುಂದೆ ಕಣ್ಣು ಮುಚ್ಚಿ, ಹಣೆಯನ್ನು ಪೂರ್ತಿ ಸಡಿಲಬಿಟ್ಟು, ಹುಬ್ಬು ಏರಿಸದೆ ನಿಧಾನವಾಗಿ ಕಣ್ಣು ತೆರೆಯಿರಿ. ಆಗ ಕಾಣುವುದೇ ನಿಜವಾದ ಸ್ಥಿತಿ. ದಿನವಿಡೀ ಹಣೆಯ ಸ್ನಾಯು ಗುಟ್ಟಾಗಿ ಹುಬ್ಬನ್ನು ಎತ್ತಿ ಹಿಡಿದಿರುತ್ತದೆ, ಹಣೆಯ ಅಡ್ಡಗೆರೆಗಳೂ ಸಂಜೆಯ ತಲೆಭಾರವೂ ಹಲವರಿಗೆ ಅದರಿಂದಲೇ. ಈಗ ಬೆರಳಿನಿಂದ ಹುಬ್ಬನ್ನು ಅದು ಮೊದಲಿದ್ದ ಮೂಳೆಯ ಅಂಚಿಗೆ ಎತ್ತಿ. ಮಡಿಕೆ ಮಾಯವಾದರೆ ತಪ್ಪು ಹುಬ್ಬಿನದು. ಚರ್ಮ ಇನ್ನೂ ಜೋತಿದ್ದರೆ ಚರ್ಮದ್ದು. ಚರ್ಮ ಸರಿದರೂ ರೆಪ್ಪೆಯ ಅಂಚು ಪಾಪೆಯ ಮೇಲೇ ಕೂತಿದ್ದರೆ ಸ್ನಾಯುವಿನದು. ವೈದ್ಯರು ಇದನ್ನೇ ಅಳೆದು ಹೇಳುತ್ತಾರೆ: ಪಾಪೆಯ ನಡುವೆ ಬಿದ್ದ ಬೆಳಕಿನ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರಬೇಕು; 2ಕ್ಕಿಂತ ಕಡಿಮೆಯಾದರೆ ನೋಟಕ್ಕೇ ಅಡ್ಡಿ. ಈ ಅಳತೆ ತೆಗೆಯದೆ, ಹುಬ್ಬನ್ನು ಮುಟ್ಟಿ ನೋಡದೆ ಚಿಕಿತ್ಸೆ ಸೂಚಿಸುವ ಕಡೆ ನಿಲ್ಲಬೇಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ರೆಪ್ಪೆ ಹಠಾತ್ತಾಗಿ ಬಿದ್ದು ಜೊತೆಗೆ ಎರಡೆರಡು ಕಂಡರೆ, ತಲೆನೋವು ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದೋ ಚಿಕ್ಕದೋ ಆದರೆ ಅದು ಸೌಂದರ್ಯದ ವಿಷಯವಲ್ಲ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕಾದದ್ದು. ಬೆಳಗ್ಗೆ ಸರಿಯಿದ್ದು ಸಂಜೆಗೆ ಇಳಿಯುವ ರೆಪ್ಪೆಯಾದರೆ ಸ್ನಾಯುಗಳು ಬೇಗ ದಣಿಯುವ ಕಾಯಿಲೆಯಾದ ಮಯಸ್ತೀನಿಯಾ ಗ್ರಾವಿಸ್ ಪರೀಕ್ಷೆ ಆಗಬೇಕು.

ಕ್ರೀಮುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಫೀನ್ ಇರುವವು ಬೆಳಗಿನ ಊತವನ್ನು ಕೆಲ ಗಂಟೆ ಇಳಿಸಬಹುದು, ರೆಟಿನಾಲ್ ಸಣ್ಣ ಗೆರೆಗಳನ್ನು ಮೆತ್ತಗಾಗಿಸಬಹುದು. ಇಳಿದ ಚರ್ಮವನ್ನು ಎತ್ತುವ ಕ್ರೀಮು ಇಲ್ಲ.

ರೆಪ್ಪೆಯ ಟೇಪ್ ಮಾತ್ರ ಅದಕ್ಕಿಂತ ಪ್ರಾಮಾಣಿಕ ವಸ್ತು: ಹಚ್ಚಿದಾಗ ಎತ್ತುತ್ತದೆ, ತೆಗೆದಾಗ ಬೀಳುತ್ತದೆ. ಎಣ್ಣೆ ಜಿಡ್ಡಿಲ್ಲದ ಒಣ ರೆಪ್ಪೆಗೆ, ಮೇಕಪ್ಪಿಗೆ ಮೊದಲು, ಸಹಜ ಮಡಿಕೆಯ ಗೆರೆಯ ಮೇಲೆ ಅಥವಾ ಕೂದಲೆಳೆಯಷ್ಟು ಮೇಲೆ ಅಂಟಿಸಬೇಕು. ತುಂಬ ಮೇಲೆ ಹಚ್ಚಿದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ. ತೆಗೆಯುವಾಗ ಎಣ್ಣೆ ಸವರಿ ಸಡಿಲಿಸಿ. ಒಣಗಿದ್ದನ್ನು ಹಾಗೇ ಕಿತ್ತರೆ ಎಳೆತದಿಂದ ಚರ್ಮ ಮತ್ತಷ್ಟು ಸಡಿಲವಾಗುತ್ತದೆ. ಅಂಟಿಗೆ ತುರಿಕೆ, ಕೆಂಪು ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದು ಸಮಾರಂಭಕ್ಕೆ ಸರಿ, ದಿನನಿತ್ಯಕ್ಕೆ ಸಲ್ಲದು.

ಶೇಕಡಾ 0.1 ಆಕ್ಸಿಮೆಟಜೋಲಿನ್ ಹನಿ, ಅಂದರೆ ಅಪ್‌ನೀಕ್, 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದದ್ದು ವಯಸ್ಕರಲ್ಲಿ ಹುಟ್ಟಿನಿಂದಲ್ಲದೆ ನಂತರ ಬಂದ ಟೋಸಿಸ್‌ಗೆ. ರೆಪ್ಪೆಯೊಳಗಿನ ಪುಟ್ಟ ಮುಲ್ಲರ್ ಸ್ನಾಯುವನ್ನು ಅದು ಬಿಗಿಗೊಳಿಸುತ್ತದೆ. ದಿನಕ್ಕೆ ಒಂದೇ ಹನಿ. ಸುಮಾರು 1 ಮಿಲಿಮೀಟರ್ ಎತ್ತುತ್ತದೆ, ಕೆಲವು ಗಂಟೆಗಳಷ್ಟು ಕಾಲ. ಕಾಂಟ್ಯಾಕ್ಟ್ ಲೆನ್ಸ್ ತೆಗೆದೇ ಹಾಕಬೇಕು, 15 ನಿಮಿಷ ಬಿಟ್ಟು ಮತ್ತೆ ಧರಿಸಬಹುದು. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಕೋನ ಮುಚ್ಚಿ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೆಚ್ಚಿನ ಚರ್ಮ ಇರುವವರಿಗೆ ಇದರಿಂದ ನಿರಾಸೆಯೇ ಸರಿ: ಒಳಗಿನ ರೆಪ್ಪೆ ಏರುತ್ತದೆ, ಮೇಲಿನ ಚರ್ಮ ಇದ್ದಲ್ಲೇ ಇರುತ್ತದೆ. ಮೂಗಿಗೆ ಹಾಕುವ ಆಕ್ಸಿಮೆಟಜೋಲಿನ್ ಸ್ಪ್ರೇಯನ್ನು ಕಣ್ಣಿಗೆ ಬಳಸುವ ಸಾಹಸ ಬೇಡವೇ ಬೇಡ. ಅದರ ಪ್ರಮಾಣವೂ ಸಂರಕ್ಷಕಗಳೂ ಕಣ್ಣಿಗಾಗಿ ಮಾಡಿದ್ದಲ್ಲ.

ಬೊಟಾಕ್ಸ್ ಕೆಲಸ ಮಾಡುವ ಬಗೆ ತಿಳಿದರೆ ಅದು ಯಾರಿಗೆ ಎಂಬುದು ತಾನಾಗಿ ತಿಳಿಯುತ್ತದೆ. ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳು ಹುಬ್ಬುಗಳ ನಡುವೆಯೂ ಕಣ್ಣಿನ ಹೊರಮೂಲೆಯಲ್ಲೂ ಇವೆ. ಅವನ್ನು ಸಡಿಲಿಸಿದರೆ ಹಣೆಯ ಸ್ನಾಯುವಿನ ಎಳೆತ ಮೇಲುಗೈಯಾಗಿ ಹುಬ್ಬಿನ ಬಾಲ 1ರಿಂದ 2 ಮಿಲಿಮೀಟರ್ ಮೇಲೇಳುತ್ತದೆ. ಪರಿಣಾಮ ಪೂರ್ತಿ ಕಾಣಲು ಎರಡು ವಾರ, ಉಳಿಯುವುದು ಮೂರು ನಾಲ್ಕು ತಿಂಗಳು. ಹುಬ್ಬು ಸ್ವಲ್ಪವೇ ಇಳಿದ, ಚರ್ಮ ಇನ್ನೂ ಬಿಗಿಯಿರುವ ಕಣ್ಣಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಅನಾಹುತ ಆಗುವುದು ಅದೇ ಭೇಟಿಯಲ್ಲಿ ಹಣೆಯ ಗೆರೆಗಳಿಗೂ ಚುಚ್ಚಿಸಿಕೊಂಡಾಗ. ಭಾರವಾದ ರೆಪ್ಪೆಯವರು ಹಣೆಯ ಬಲದಿಂದಲೇ ಕಣ್ಣು ತೆರೆದಿಟ್ಟುಕೊಂಡಿರುತ್ತಾರೆ. ಆ ಬಲ ಹೋದರೆ ಹುಬ್ಬು ಪೂರಾ ಕುಸಿಯುತ್ತದೆ, ಔಷಧ ಇಳಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಔಷಧ ಲೆವೇಟರ್ ಸ್ನಾಯುವಿನತ್ತ ಹರಿದು ರೆಪ್ಪೆಯೇ ಬಿದ್ದರೆ ಮಾತ್ರ ಹನಿಗಳಿಂದ ತಾತ್ಕಾಲಿಕ ಪರಿಹಾರ ಸಿಗಬಹುದು.

ಚರ್ಮವನ್ನು ಬಿಸಿಮಾಡಿ ಬಿಗಿಗೊಳಿಸುವ ಅಲ್ಟ್ರಾಸೌಂಡ್, ರೇಡಿಯೋ ಫ್ರೀಕ್ವೆನ್ಸಿ ಯಂತ್ರಗಳ ಫಲ ಸಣ್ಣದು, ಕಾಣಲು ಎರಡು ಮೂರು ತಿಂಗಳು ಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಏರುಪೇರು. ಅಲ್ಪ ಸಡಿಲಿಕೆಗೆ ಸರಿ. ರೆಪ್ಪೆಗೂದಲನ್ನು ಮುಟ್ಟುವ ಚರ್ಮಕ್ಕೆ ಇವುಗಳ ಮೇಲೆ ಹಣ ಸುರಿಯುವುದು ವ್ಯರ್ಥ. ಇಂಗಾಲದ ಡೈಆಕ್ಸೈಡ್ ಲೇಸರ್ ತೆಳು ಸುಕ್ಕನ್ನು ಚೆನ್ನಾಗಿ ಬಿಗಿಗೊಳಿಸುತ್ತದೆ, ಆದರೆ ಕಂದು ಮತ್ತು ಕಪ್ಪು ಮೈಬಣ್ಣದಲ್ಲಿ ಕಲೆ ಉಳಿಯುವ ಅಪಾಯ ಹೆಚ್ಚು, ಕಣ್ಣಿನೊಳಗೆ ಲೋಹದ ಕವಚ ಇಡದೆ ಮಾಡಲೇಬಾರದು. ಪ್ಲಾಸ್ಮಾ ಪೆನ್ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ಸೌಂದರ್ಯ ಮಳಿಗೆಯಲ್ಲಿ ಚುಕ್ಕೆಚುಕ್ಕೆಯಾಗಿ ರೆಪ್ಪೆ ಸುಡಿಸಿಕೊಳ್ಳಬೇಡಿ. ಸುಟ್ಟ ಆಳ ನಡೆಸುವವರ ಕೈಯ ಮೇಲೆ ನಿಂತಿರುತ್ತದೆ. ಕಪ್ಪು ಕಲೆ, ಗಾಯದ ಗುರುತು ಉಳಿದರೆ ರೆಪ್ಪೆಯಂಥ ಜಾಗದಲ್ಲಿ ಮರೆಮಾಡಲಾಗುವುದಿಲ್ಲ. ಹುಬ್ಬಿನ ಕೆಳಗೆ ಫಿಲ್ಲರ್ ಎಂಬ ಜೆಲ್ ಚುಚ್ಚಿ ತುಂಬಿ ಎತ್ತುವ ವಿಧಾನವೂ ಇದೆ. ಅಲ್ಲಿನ ರಕ್ತನಾಳಗಳು ಕಣ್ಣಿನ ನಾಳಕ್ಕೆ ಸೇರುತ್ತವೆ, ಫಿಲ್ಲರ್ ಒಳಹೊಕ್ಕರೆ ದೃಷ್ಟಿಯೇ ಹೋಗಬಹುದು. ಅಪರೂಪ, ಆದರೆ ಹಾಗಾದರೆ ದೃಷ್ಟಿ ಮರಳಿ ಬರುವುದು ಕಷ್ಟ.

ಚರ್ಮವೇ ಹೆಚ್ಚಾಗಿದ್ದರೆ ಅದನ್ನು ಕತ್ತರಿಸಿ ತೆಗೆಯುವ ಮೇಲ್ರೆಪ್ಪೆಯ ಶಸ್ತ್ರಚಿಕಿತ್ಸೆ, ಅಂದರೆ ಬ್ಲೆಫರೋಪ್ಲಾಸ್ಟಿಗೆ ಸಮನಾದದ್ದು ಇನ್ನೊಂದಿಲ್ಲ. ಸ್ಥಳೀಯ ಅರಿವಳಿಕೆಯಲ್ಲಿ ಎರಡೂ ಕಣ್ಣಿಗೆ ಸುಮಾರು ಒಂದು ಗಂಟೆಯ ಕೆಲಸ. ಫಲಿತಾಂಶದ ಮುಕ್ಕಾಲು ಪಾಲು ನಿರ್ಧಾರವಾಗುವುದು ಕತ್ತರಿಸುವಾಗಲ್ಲ, ಗುರುತು ಹಾಕುವಾಗ. ಗುರುತನ್ನು ರೋಗಿ ಕೂತಿರುವಾಗಲೇ, ಅರಿವಳಿಕೆ ಚುಚ್ಚುವ ಮೊದಲೇ ಹಾಕಬೇಕು: ಮಲಗಿದರೆ ಚರ್ಮ ಹಿಂದೆ ಸರಿಯುತ್ತದೆ, ಚುಚ್ಚಿದರೆ ಊದುತ್ತದೆ. ಕೆಳಗಿನ ಗೆರೆ ಸಹಜ ಮಡಿಕೆಯ ಮೇಲೆ, ಮಹಿಳೆಯರಲ್ಲಿ ಸಾಮಾನ್ಯವಾಗಿ ರೆಪ್ಪೆಗೂದಲಿಂದ 8ರಿಂದ 10 ಮಿಲಿಮೀಟರ್, ಪುರುಷರಲ್ಲಿ 6ರಿಂದ 8. ಜನಾಂಗದಿಂದ ಜನಾಂಗಕ್ಕೆ ಇದು ಬದಲಾಗುತ್ತದೆ, ಇದ್ದ ಮಡಿಕೆಯನ್ನು ಬಿಟ್ಟು ಹೊಸದನ್ನು ಮೇಲೆ ಕೂರಿಸಿದರೆ ಮುಖದ ಚಹರೆಯೇ ಬೇರೆಯಾಗುತ್ತದೆ. ಹೆಚ್ಚಿನ ಚರ್ಮವನ್ನು ಮೊಂಡು ಚಿಮುಟದಿಂದ ಹಿಡಿದು, ರೆಪ್ಪೆಗೂದಲು ಮೇಲೇಳುವ ಹಂತಕ್ಕೆ ನಿಲ್ಲಿಸಿ ಅಳೆಯುತ್ತಾರೆ. ಹುಬ್ಬಿನ ಕೆಳ ಅಂಚಿನಿಂದ ರೆಪ್ಪೆಗೂದಲಿನವರೆಗೆ ಒಟ್ಟು 20 ಮಿಲಿಮೀಟರಿನಷ್ಟು ಚರ್ಮ ಉಳಿಯಲೇಬೇಕು. ಅದಕ್ಕಿಂತ ಕಡಿಮೆಯಾದರೆ ನಿದ್ದೆಯಲ್ಲಿ ಕಣ್ಣು ಮುಚ್ಚುವುದಿಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಒಣಗುತ್ತದೆ.

ಕೊಬ್ಬಿನ ವಿಷಯದಲ್ಲಿ ಕೈ ಬಿಗಿಯಿರಲಿ. ಮೇಲ್ರೆಪ್ಪೆಯಲ್ಲಿ ಕೊಬ್ಬಿನ ಚೀಲಗಳು ಎರಡೇ, ಒಳಗಿನದು ಮತ್ತು ನಡುವಿನದು. ನಡುವಿನದನ್ನು ಅತಿಯಾಗಿ ತೆಗೆದರೆ ಕೆಲ ವರ್ಷಗಳಲ್ಲಿ ಕಣ್ಣು ಗುಳಿಬೀಳುತ್ತದೆ. ಹೊರಮೂಲೆಯ ಉಬ್ಬು ಕೊಬ್ಬಲ್ಲ, ಬಹುತೇಕ ಕಣ್ಣೀರಿನ ಗ್ರಂಥಿ. ಅದನ್ನು ಕೊಬ್ಬೆಂದು ಕತ್ತರಿಸುವುದು ದೊಡ್ಡ ತಪ್ಪು. ಹುಬ್ಬು ಇಳಿದವರಿಗೆ ರೆಪ್ಪೆ ಮಾತ್ರ ಕತ್ತರಿಸಿದರೆ ಹಣೆಗೆ ಎತ್ತುವ ಕಾರಣವೇ ಉಳಿಯದೆ ಹುಬ್ಬು ಇನ್ನೂ ಕೆಳಗೆ ಬರುತ್ತದೆ; ಅವರಿಗೆ ಹುಬ್ಬನ್ನು ಎತ್ತುವ ಶಸ್ತ್ರಚಿಕಿತ್ಸೆ ಮೊದಲು ಅಥವಾ ಜೊತೆಯಲ್ಲೇ ಆಗಬೇಕು. ಟೋಸಿಸ್‌ಗೆ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಲೆವೇಟರ್ ಬಿಗಿಗೊಳಿಸುವುದು ದಾರಿ. ಒಂದೇ ಕಣ್ಣಿಗೆ ಮಾಡಿದರೆ ಇನ್ನೊಂದು ಇಳಿಯಬಹುದು, ಏಕೆಂದರೆ ಎರಡೂ ರೆಪ್ಪೆಗಳಿಗೆ ಮಿದುಳು ಸಮನಾದ ಆಜ್ಞೆ ಕಳಿಸುತ್ತದೆ. ಇದನ್ನು ವೈದ್ಯರು ಮೊದಲೇ ಪರೀಕ್ಷಿಸಿ ಹೇಳಬೇಕು.

ತೀವ್ರ ಒಣಕಣ್ಣು, ಸಕ್ರಿಯ ಥೈರಾಯ್ಡ್ ಕಣ್ಣಿನ ಕಾಯಿಲೆ, ಇತ್ತೀಚೆಗೆ ಕನ್ನಡಕ ಬಿಡಿಸುವ ಲೇಸಿಕ್ ಲೇಸರ್ ಚಿಕಿತ್ಸೆ ಆದವರು ಕಾಯಬೇಕು. ರಕ್ತ ತೆಳುಮಾಡುವ ಔಷಧ, ಮೀನೆಣ್ಣೆ, ಇ ಜೀವಸತ್ವದ ಮಾತ್ರೆ ಎಲ್ಲವನ್ನೂ ಮೊದಲ ಭೇಟಿಯಲ್ಲೇ ಹೇಳಿ. ಹೃದಯದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಶಸ್ತ್ರಚಿಕಿತ್ಸೆಯ ನಂತರ ಮೊದಲ ಎರಡು ದಿನ ಕಣ್ಣಿಗೆ ತಣ್ಣನೆಯ ಪಟ್ಟಿ, ತಲೆ ಎತ್ತರದಲ್ಲಿಟ್ಟು ನಿದ್ದೆ, ಬಗ್ಗಿ ಭಾರ ಎತ್ತದಿರುವುದು. ಹೊಲಿಗೆ 5ರಿಂದ 7 ದಿನಕ್ಕೆ ತೆಗೆಯುತ್ತಾರೆ, ಕಂದುನೀಲಿ ಬಣ್ಣ ಎರಡು ವಾರದೊಳಗೆ ಇಳಿಯುತ್ತದೆ. ಜೋರು ನೋವು, ಕಣ್ಣು ಮುಂದೆ ತಳ್ಳಿದಂತಾಗುವುದು, ನೋಟ ಮಬ್ಬಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿ: ಕಣ್ಣಿನ ಹಿಂದೆ ರಕ್ತ ತುಂಬುತ್ತಿದ್ದರೆ ದೃಷ್ಟಿ ಉಳಿಸಲು ಇರುವುದು ಕೆಲವೇ ಗಂಟೆಗಳು, ಕೆಲವು ಸಲ ಅಷ್ಟೂ ಇಲ್ಲ. ಹೀಗಾಗಿ ರಾತ್ರಿ ಕರೆಗೆ ಉತ್ತರಿಸುವ ವೈದ್ಯರು ಯಾರು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ಬರೆದುಕೊಳ್ಳಿ. ಎರಡು ಕಣ್ಣುಗಳ ನಡುವೆ ಸಣ್ಣ ವ್ಯತ್ಯಾಸ ಕಂಡರೆ ಆತುರ ಬೇಡ. ಊತ ಎರಡೂ ಕಡೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ, ತಿದ್ದುಪಡಿಯ ಮಾತನ್ನು ವೈದ್ಯರು ಸಾಮಾನ್ಯವಾಗಿ ಎತ್ತುವುದು ಆರು ತಿಂಗಳು ಕಳೆದ ಮೇಲೆ.